ಕಬ್ಬಿಣದ ಪರವಾಗಿ ಒಬ್ಬರು

ಆ ದಿನ ದೆಹಲಿಯ ನಮ್ಮ ಬ್ಯಾಟರಿ ಸಂಶೋಧನಾ ಸಂಸ್ಥೆಯ ಎರಡನೆಯ ಮಹಡಿಯ ಮೀಟಿಂಗ್ ಕೋಣೆಯಲ್ಲಿ ಆರು ಜನ ಇದ್ದೆವು. ಮೇಜಿನ ತಲೆಭಾಗದಲ್ಲಿ ನಮ್ಮ ಡೈರೆಕ್ಟರ್ ಸಾಹೇಬರು. ಅವರ ಎಡಬಲಕ್ಕೆ ಹೊರಗಿನಿಂದ ಬಂದ ಇಬ್ಬರು ಪರಿಣತರು. ಒಬ್ಬರು ದಪ್ಪ ಕನ್ನಡಕದವರು, ಇನ್ನೊಬ್ಬರು ಮಾತಿಗೊಮ್ಮೆ ಬಿಸ್ಕತ್ತು ಮುರಿಯುವವರು. ಈಚೆ ಬದಿಯಲ್ಲಿ ಸ್ಟೋರಿನ ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡ ನಾನು. ಬಾಗಿಲ ಪಕ್ಕದ ಕುರ್ಚಿಯಲ್ಲಿ, ಇಡೀ ಕುರ್ಚಿ ತನಗೆ ಸೇರಿದ್ದಲ್ಲ ಎಂಬಂತೆ ತುದಿಯಲ್ಲಿ ಕೂತಿದ್ದ ರಯೀಸ್. ಲಕ್ಷ್ಮೀ ನಗರದ ಮೆಟ್ರೋ ಸ್ಟೇಷನ್ನಿನಿಂದ ಒಳಗಿನ ಗಲ್ಲಿಗಳಿಗೆ ಬ್ಯಾಟರಿ ರಿಕ್ಷಾ ಓಡಿಸುವವನು. ಅವನನ್ನು ಕಮಿಟಿ ಕರೆದಿರಲಿಲ್ಲ. ಕರೆದುಕೊಂಡು ಬಂದವರು ನನ್ನ ಎದುರಿಗೆ, ಕೈಕಟ್ಟಿ ಕೂತಿದ್ದರು. ಈ ಬರಹ ಅವರ ಬಗ್ಗೆ.

ಅವರ ಹೆಸರು ಬರೆಯುವುದಿಲ್ಲ. ಆಫೀಸಿನಲ್ಲಿ ಎಲ್ಲರಿಗೂ ಅವರು ಮೇಡಂ, ನಮ್ಮ ಮನೆಯಲ್ಲೂ ಮೇಡಮ್ಮೇ. ಅಷ್ಟು ಸಾಕು.

ಮೇಜಿನ ಮೇಲೆ ಒಂದೇ ಒಂದು ಹಾಳೆ ಇತ್ತು. ಮೇಡಂ ತಯಾರಿಸಿದ ಹೊಸ ಬ್ಯಾಟರಿಯನ್ನು ರಯೀಸನ ರಿಕ್ಷಾದಲ್ಲಿ ಹಾಕಿ ನೋಡಿದ ಪರೀಕ್ಷೆಯ ವರದಿ. ಬ್ಯಾಟರಿ ಮೂರು ತಿಂಗಳಿಗೆ ಮಲಗಿತ್ತು. ಒಂಬತ್ತನೆಯ ಸಾಲಿನಲ್ಲಿ, ಬಳಕೆದಾರನ ನಿರ್ಲಕ್ಷ್ಯದಿಂದ ಹೀಗಾಯಿತು ಎಂದು ಟೈಪು ಮಾಡಿಸಿದ್ದರು. ಕೆಳಗೆ ಮೇಡಂ ಸಹಿ ಹಾಕಬೇಕು. ಹಾಕಿದರೆ ಅವರ ಕೆಲಸಕ್ಕೆ ಸೋಲಿನ ಹೆಸರು ಬರುವುದಿಲ್ಲ, ತಿಂಗಳ ಕೊನೆಗೆ ನಿವೃತ್ತಿಯಾಗುವ ಅವರಿಗೆ ಎರಡು ವರ್ಷದ ಮುಂದುವರಿಕೆ ಸಿಗುತ್ತದೆ. ಆದರೆ ಒಪ್ಪಂದದ ಪ್ರಕಾರ ತಪ್ಪು ರಯೀಸನದಾದರೆ ಅವನಿಗೆ ಬದಲಿ ಬ್ಯಾಟರಿ ಕೊಡಬೇಕಾಗಿಲ್ಲ. ಅವನ ಗಾಡಿ ಆಗಲೇ ಹನ್ನೆರಡು ದಿನದಿಂದ ನಿಂತಿತ್ತು. ಪರೀಕ್ಷೆಗೆಂದು ಬಿಚ್ಚಿ ನಮ್ಮ ಸ್ಟೋರಿನಲ್ಲಿಟ್ಟಿದ್ದ ಅವನ ಹಳೆಯ ಸೀಸದ ಬ್ಯಾಟರಿಗಳು ಕೂತಲ್ಲೇ ಸತ್ತಿದ್ದವು.

ಅಲ್ಲಿ ಏನಾಯಿತು ಎಂದು ಹೇಳುತ್ತೇನೆ. ಅದಕ್ಕೆ ಮುಂಚೆ ಮೇಡಂ ಎಂಥವರು ಎಂದು ನಿಮಗೆ ಗೊತ್ತಾಗಬೇಕು.

ಭದ್ರಾವತಿಯವರು. ತಂದೆ ಅಲ್ಲಿಯ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ದುಡಿದವರು. ‘ಅದಕ್ಕೇ ನಿಮಗೆ ಕಬ್ಬಿಣದ ಮೇಲೆ ಈ ಪ್ರೀತಿ’ ಎಂದು ಯಾರಾದರೂ ಹೇಳಿದರೆ ಸಿಡುಕುತ್ತಿದ್ದರು. “ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ. ನಾನು ಸೇರಿದ ವರ್ಷ ಒಳ್ಳೊಳ್ಳೆ ಪ್ರಾಜೆಕ್ಟೆಲ್ಲ ಗಂಡಸರು ಹಂಚಿಕೊಂಡಿದ್ರು. ಯಾರಿಗೂ ಬೇಡದ ಕಬ್ಬಿಣ ಉಳಿದಿತ್ತು. ಹಿಡ್ಕೊಂಡೆ. ಹಿಡ್ಕೊಂಡ ಮೇಲೆ ಬಿಡೋದು ಹೇಗೆ?”

ಅವರ ಕೆಲಸ ನನ್ನಂಥ ಸ್ಟೋರಿನವನಿಗೆ ಅರ್ಥವಾದದ್ದು ಇಷ್ಟು. ಒಂದು ಡಬ್ಬಿಯಲ್ಲಿ ಒಂದು ನಿಕಲ್ ತಟ್ಟೆ, ಒಂದು ಕಬ್ಬಿಣದ ತಟ್ಟೆ. ನಡುವೆ ಕ್ಷಾರದ ನೀರು. ಇದು ಬಹಳ ಹಳೆಯ ಕಾಲದ ಬ್ಯಾಟರಿ. ಒದ್ದರೂ ಸಾಯದು, ಪೂರ್ತಿ ಖಾಲಿಯಾಗಿ ವಾರಗಟ್ಟಲೆ ಬಿದ್ದಿದ್ದರೂ ಮತ್ತೆ ಎದ್ದು ಕೂರುತ್ತದೆ. ಒಂದೇ ಕೆಟ್ಟ ಗುಣ. ಚಾರ್ಜ್ ಮಾಡುವಾಗ ಒಳಗೆ ಹೋದ ಕರೆಂಟಿನಲ್ಲಿ ಒಂದು ಪಾಲನ್ನು ಕಬ್ಬಿಣ ತಾನು ಇಟ್ಟುಕೊಳ್ಳದೆ ನೀರನ್ನು ಒಡೆದು ಗುಳ್ಳೆ ಎಬ್ಬಿಸಲು ಹಾಳು ಮಾಡುತ್ತದೆ. ಆ ಗುಳ್ಳೆ ನಿಲ್ಲಿಸಬೇಕು. ಅದಕ್ಕಾಗಿ ಕಬ್ಬಿಣದ ನಯವಾದ ಪುಡಿಗೆ ಚಿಟಿಕೆ ಬಿಸ್ಮತ್, ಚಿಟಿಕೆ ಗಂಧಕದ ಲವಣ ಬೆರೆಸಿ, ಹಿಟ್ಟಿನಂತೆ ನಾದಿ, ಜಾಲರಿಗೆ ಮೆತ್ತಿ, ಒತ್ತಿ ತಟ್ಟೆ ಮಾಡುತ್ತಿದ್ದರು. ಚಿಟಿಕೆ ಎಷ್ಟು, ನಾದುವುದು ಎಷ್ಟು ಹೊತ್ತು, ಒತ್ತುವುದು ಎಷ್ಟು ಬಿಗಿ. ಈ ಮೂರು ಪ್ರಶ್ನೆಗಳಲ್ಲಿ ಅವರ ಇಪ್ಪತ್ತು ವರ್ಷ ಹೋದವು. ಹೋದವು ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. “ಹೋಗಿಲ್ಲ ರೀ. ತಟ್ಟೆಯಲ್ಲಿ ಇವೆ.”

ಒಮ್ಮೆ ಒತ್ತುವ ಯಂತ್ರ ಕೆಟ್ಟಿತು. ರಿಪೇರಿಯ ಕಡತ ನನ್ನ ಮೇಜಿನ ಮೇಲೆ ಎರಡು ತಿಂಗಳು ಮಲಗಿತ್ತು. ನನ್ನದೇ ತಪ್ಪಲ್ಲ, ಮೂರು ಕೊಟೇಶನ್ ಬರದೆ ನಾನು ಕೈ ಹಾಕುವಂತಿರಲಿಲ್ಲ. ಭಾನುವಾರ ಬೆಳಗ್ಗೆ ಆರ್.ಕೆ.ಪುರಂನ ನಮ್ಮ ಕ್ವಾರ್ಟರಿನ ಬೆಲ್ಲಾಯಿತು. ಬಾಗಿಲು ತೆಗೆದ ಮಗಳು ಅಲ್ಲಿಂದಲೇ ಕೂಗಿದಳು: “ಅಪ್ಪಾ, ಮೇಡಂ ಆಂಟಿ ಆಯೀ ಹೈಂ. ಬೇಲನ್ ಬೇಕಂತೆ!”

ಬೇಲನ್ ಎಂದರೆ ಲಟ್ಟಣಿಗೆ. ನಿಜಕ್ಕೂ ಅವರಿಗೆ ಬೇಕಾಗಿದ್ದು ಅದೇ. ನನ್ನ ಹೆಂಡತಿ ಚಪಾತಿ ಹಿಟ್ಟಿನ ಕೈಯಲ್ಲೇ ತಂದುಕೊಟ್ಟಳು. “ಏನ್ ಮೇಡಂ, ಯಾರಾದ್ರೂ ಊಟಕ್ಕೆ ಬರ್ತಿದಾರಾ?”

“ಊಟಕ್ಕಲ್ಲಮ್ಮ, ಕಬ್ಬಿಣ ಲಟ್ಟಿಸ್ಬೇಕು. ನಿಮ್ಮನೆಯವ್ರ ಫೈಲು ಏಳೋವರೆಗೂ ಕಾಯೋಕಾಗಲ್ಲ.”

“ಹಾಗಾದ್ರೆ ವಾಪಸ್ ತರಬೇಡಿ. ನಾನು ಬೇರೆ ತಗೋತೀನಿ.” ನನ್ನವಳು ಇದನ್ನು ಹೇಳುವಾಗ ನೋಡಿದ್ದು ಮೇಡಂ ಮುಖವನ್ನಲ್ಲ, ನನ್ನದನ್ನು. ಆ ಲಟ್ಟಣಿಗೆಯಿಂದ ಲಟ್ಟಿಸಿದ ತಟ್ಟೆಗಳು ಯಂತ್ರದವಕ್ಕಿಂತ ಚೆನ್ನಾಗಿ ನಡೆದವು ಎಂದು ಮೇಡಂ ಸುಮಾರು ಸಲ ನನಗೆ ಕೇಳಿಸುವಂತೆ ಹೇಳಿದ್ದಾರೆ. ಅದು ನಿಜವೋ ನನ್ನನ್ನು ಚುಚ್ಚಲು ಹೇಳಿದ್ದೋ ಇವತ್ತಿಗೂ ಗೊತ್ತಿಲ್ಲ.

ದೆಹಲಿಯ ಚಳಿ ನಿಮಗೆ ಗೊತ್ತಿರಬಹುದು. ಜನವರಿಯಲ್ಲಿ ನಾವು ಸ್ವೆಟರಿನ ಮೇಲೆ ಕೋಟು, ಕೋಟಿನ ಮೇಲೆ ಶಾಲು ಹೊದ್ದು ನಡುಗುತ್ತಿದ್ದರೆ ಅವರು ಹತ್ತಿ ತುಂಬಿದ ಒಂದು ಜಾಕೀಟಿನಲ್ಲಿ ಓಡಾಡುತ್ತಿದ್ದರು. ಉಣ್ಣೆ ಮುಟ್ಟುತ್ತಿರಲಿಲ್ಲ. ಕ್ಷಾರ ಉಣ್ಣೆಯನ್ನು ತಿನ್ನುತ್ತದೆ, ರೇಷ್ಮೆಯನ್ನು ತಿನ್ನುತ್ತದೆ, ಹತ್ತಿಯ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ನನ್ನ ಮಗಳ ನಾಮಕರಣಕ್ಕೂ ಹತ್ತಿ ಸೀರೆಯಲ್ಲೇ ಬಂದು, “ರೇಷ್ಮೆ ಇದ್ದಿದ್ದು ಒಂದು. ಅದು ಬ್ಯಾಟರಿಗೆ ಹೋಯ್ತು” ಎಂದು ನಕ್ಕಿದ್ದರು.

ಇನ್ನು ಕೋಣೆಯ ಕಾನೂನು. ನಮ್ಮ ಸಂಸ್ಥೆಯಲ್ಲಿ ಹಜಾರದ ಈ ಕಡೆ ಸೀಸದ ಬ್ಯಾಟರಿಯವರು, ಅವರದು ಆಮ್ಲ. ಆ ಕಡೆ ಮೇಡಂ, ಅವರದು ಕ್ಷಾರ. ಈ ಕಡೆಯ ಒಂದು ಚಮಚ ಕೂಡ ಆ ಕಡೆ ದಾಟುವಂತಿಲ್ಲ. ಆಮ್ಲದ ಪಸೆ ಬಿದ್ದರೆ ಕ್ಷಾರದ ಬ್ಯಾಟರಿ ಮುಗಿಯಿತು. ಅವರ ಲಾಳಿಕೆ, ಜಗ್ಗು, ಬಾಟಲಿ ಎಲ್ಲಕ್ಕೂ ನೀಲಿ ಬಣ್ಣ ಬಳಿದಿದ್ದರು. ಒಮ್ಮೆ ಸಹಿ ಹಾಕಿಸಲು ಕಡತದ ಜೊತೆ ಊಟದ ಡಬ್ಬಿಯನ್ನೂ ಹಿಡಿದು ಅವರ ಬಾಗಿಲಿಗೆ ಹೋದೆ.

“ಡಬ್ಬೀಲಿ ಏನಿದೆ, ಸ್ಟೋರ್ ಸಾಹೇಬ್ರೇ?”

“ಚಿತ್ರಾನ್ನ, ಮೇಡಂ.”

“ನಿಂಬೆಹಣ್ಣು ಹಾಕಿರೋದಾ?”

“ಹೌದು.”

“ನೀವು ಒಳಗೆ ಬನ್ನಿ. ಚಿತ್ರಾನ್ನ ಹೊರಗೆ ಇರ್ಲಿ.”

ಡಬ್ಬಿಯನ್ನು ಹಜಾರದ ಕಿಟಕಿಯಲ್ಲಿಟ್ಟು ಹೋದೆ. ಬರುವಷ್ಟರಲ್ಲಿ ಕೋತಿ ಬಂದು ಹೋಗಿತ್ತು. ಮಧ್ಯಾಹ್ನ ಅವರದೇ ಡಬ್ಬಿಯಿಂದ ಅರ್ಧ ಅನ್ನ ಸಾರು ಕೊಟ್ಟರು. ಅದರಲ್ಲೂ ಹುಣಿಸೆಹಣ್ಣು ಇತ್ತಲ್ಲವೇ ಎಂದದ್ದಕ್ಕೆ, “ಅದಕ್ಕೇ ಹಜಾರದಲ್ಲಿ ಕೂತು ತಿಂತಿರೋದು” ಎಂದರು.

ಅವರ ಒಂದು ಚಿತ್ರ ನನ್ನ ಕಣ್ಣಿನಿಂದ ಹೋಗುವುದಿಲ್ಲ. ಚಾರ್ಜಿಗೆ ಇಟ್ಟ ಡಬ್ಬಿಗಳ ಸಾಲು. ಮೇಡಂ ಬಗ್ಗಿ, ಒಂದೊಂದಕ್ಕೇ ಕಿವಿ ಹತ್ತಿರ ತಂದು, ಎಡಗೈಯನ್ನು ಹಿಂದಕ್ಕೆ ಚಾಚಿ ಎಲ್ಲರನ್ನೂ ತಡೆದು ನಿಲ್ಲಿಸುತ್ತಿದ್ದರು. ಮೀಟರು ಇತ್ತು, ಕಂಪ್ಯೂಟರು ಇತ್ತು. ಆದರೂ ಕಿವಿಯಲ್ಲಿ ಕೇಳದೆ ನಂಬುತ್ತಿರಲಿಲ್ಲ. ಗುಳ್ಳೆಯ ಸದ್ದು ಕಡಿಮೆ ಇದ್ದರೆ ಆ ಕೈ ನಿಧಾನ ಕೆಳಗಿಳಿಯುತ್ತಿತ್ತು. ಅಷ್ಟೇ ಅವರ ಸಂಭ್ರಮ.

ಎಲ್ಲೆಲ್ಲೂ ಲಿಥಿಯಂ ಮಾತು ಶುರುವಾದ ಮೇಲೆ ಅವರ ಕೋಣೆಗೆ ಬರುವವರು ಕಡಿಮೆಯಾದರು. ಗುರುಗ್ರಾಮದ ಒಂದು ಕಂಪನಿಯ ಹುಡುಗ ಒಮ್ಮೆ ಬಂದಿದ್ದ, ನಮ್ಮ ತುಮಕೂರು ಕಡೆಯವನು. ಮೇಡಂ ಕನ್ನಡದವರು ಎಂದು ಗೊತ್ತಾಗಿ ಕುಣಿದುಬಿಟ್ಟ. ಆ ಸಲಿಗೆಯಲ್ಲಿ ಹೇಳಿದ: “ಮೇಡಂ, ಬೇಜಾರ್ ಮಾಡ್ಕೋಬೇಡಿ. ಐರನ್ ಸತ್ತು ಹೋಗಿರೋ ಟೆಕ್ನಾಲಜಿ.”

“ಹೌದಾ ಮರಿ? ಸತ್ತಿರೋದನ್ನ ನೋಡೋಕೆ ಗುರುಗ್ರಾಮದಿಂದ ಇಷ್ಟು ದೂರ ಟ್ರಾಫಿಕ್ಕಲ್ಲಿ ಬಂದ್ಯಾ? ಪಾಪ, ಕಾಫಿ ಕುಡ್ಕೊಂಡು ಹೋಗು.”

ಹುಡುಗ ಕಾಫಿ ಕುಡಿದ. ನಾಲ್ಕು ಪ್ರಶ್ನೆ ಕೇಳಿದ. ಮೇಡಂ ಹೇಳಿದರು: “ನೋಡು, ದೊಡ್ಡ ಕಾರಿಗೆ ನಿನ್ನ ಲಿಥಿಯಮ್ಮೇ ಸರಿ, ನನ್ನ ತಕರಾರಿಲ್ಲ. ಆದ್ರೆ ಗಲ್ಲೀಲಿ ಓಡೋ ರಿಕ್ಷಾಗೆ? ಅವನು ಅದನ್ನ ಬಿಸಿಲಲ್ಲಿ ನಿಲ್ಲಿಸ್ತಾನೆ, ಒಂದಿನ ಚಾರ್ಜ್ ಮಾಡಲ್ಲ, ಇನ್ನೊಂದಿನ ಬಿಟ್ಟೂಬಿಡದೆ ಮಾಡ್ತಾನೆ. ಸೀಸದ್ದು ಒಂದು ವರ್ಷಕ್ಕೆ ಸತ್ತು, ಅದನ್ನ ಯಾವುದೋ ಕೊಂಪೆಯಲ್ಲಿ ಕರಗಿಸಿ ಹೊಗೆ ಕುಡೀತಾರೆ. ಕಬ್ಬಿಣ ಇದನ್ನೆಲ್ಲ ತಡ್ಕೊಳ್ಳುತ್ತೆ. ಕಬ್ಬಿಣದ ಪರವಾಗಿ ಒಬ್ಬರಾದ್ರೂ ಇರ್ಲಿ ಬಿಡು.”

ಹೀಗೆ ಆ ಪರೀಕ್ಷೆ ಬಂತು. ನಲವತ್ತು ಡಬ್ಬಿಯ ಒಂದು ಸೆಟ್ಟು. ರಯೀಸನ ಗಾಡಿಯ ಸೀಟಿನ ಕೆಳಗೆ ಕೂರಿಸಿದಾಗ ಅವನು ಗಾಡಿಯ ಸುತ್ತ ಒಂದು ಸುತ್ತು ಬಂದು, “ಮೇಡಂಜೀ, ಇದು ಬ್ಯಾಟರಿಯಾ, ಅತ್ತೆ ಮನೆಯ ಬೀರುವಾ? ಒಂದು ಸವಾರಿ ಕಡಿಮೆ ಕೂರಿಸಬೇಕಾಗುತ್ತೆ” ಎಂದು ಹಿಂದಿಯಲ್ಲಿ ಗೊಣಗಿದ. ಭಾರ ಹೌದು. ಮೇಡಂ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ತಿಂಗಳಿಗೆ ಎರಡು ಸಲ ನೀರು ಹಾಕಬೇಕು. ಶುದ್ಧ ನೀರಿನ ಮುಚ್ಚಿದ ಕ್ಯಾನುಗಳನ್ನು ನಾವೇ ಕೊಟ್ಟೆವು. ಮೇಡಂ ಅವನಿಗೆ ಹತ್ತು ಸಲ ಹೇಳಿದರು: ಪಾನಿ ಮಾತ್ರ, ತೇಜಾಬ್ ಬೇಡ. ಆಮ್ಲಕ್ಕೆ ರಿಕ್ಷಾದವರು ತೇಜಾಬ್ ಎನ್ನುತ್ತಾರೆ. ಅವನೂ ಹತ್ತು ಸಲ ತಲೆಯಾಡಿಸಿದ.

ಎರಡು ತಿಂಗಳು ಗಾಡಿ ಕುದುರೆಯಂತೆ ಓಡಿತು. ಮೂರನೆಯ ತಿಂಗಳು ಕುಂಟಿತು, ಆಮೇಲೆ ನಿಂತಿತು. ಡಬ್ಬಿಗಳು ವಾಪಸ್ಸು ಬಂದವು. ಮೇಡಂ ಒಂದರ ನೀರನ್ನು ಗಾಜಿನ ಕೊಳವೆಗೆ ಹಾಕಿ ಪರೀಕ್ಷೆ ಮಾಡಿದರು. ಬಿಳಿ ಗಸಿ ಇಳಿಯಿತು. ಆಮ್ಲ ಬಿದ್ದಿದೆ ಎಂದರ್ಥ. ರಯೀಸನನ್ನು ಕರೆಸಿ ಎಲ್ಲರ ಮುಂದೆ ಬೈದರು. ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅವನು, “ಕಸಮ್ ಸೇ ಮೇಡಂಜೀ, ಸಿರ್ಫ್ ಪಾನಿ” ಎಂದು, ಬರೀ ನೀರೇ ಹಾಕಿದ್ದೆಂದು ಆಣೆ ಇಡುತ್ತಲೇ ಇದ್ದ. ಸುಳ್ಳುಗಾರ ಎಂದು ಅವನನ್ನು ಹೊರಗೆ ಕಳಿಸಿದರು.

ಮರುದಿನ ನಲವತ್ತು ಡಬ್ಬಿಗಳನ್ನೂ ನೆಲದ ಮೇಲೆ ಸಾಲಾಗಿ ಇಟ್ಟುಕೊಂಡು ಕೂತರು. ಅವನು ನೀರು ಹಾಕುವ ಕ್ರಮದಲ್ಲೇ, ಒಂದರಿಂದ ನಲವತ್ತರವರೆಗೆ. ಮೊದಮೊದಲಿನವು ಪೂರ್ತಿ ಕೆಟ್ಟಿದ್ದವು. ಮಧ್ಯದವು ಅರ್ಧ. ಕೊನೆಯ ಹನ್ನೊಂದು ಹೊಸದರಂತೆ ಇದ್ದವು. ಮೇಡಂ ಬಹಳ ಹೊತ್ತು ಅದನ್ನೇ ನೋಡಿ, ಎದ್ದು, ಮೆಟ್ರೋ ಹತ್ತಿ ಲಕ್ಷ್ಮೀ ನಗರಕ್ಕೆ ಹೋದರು. ನನ್ನನ್ನೂ ಕರೆದರು, ಹೋದೆ.

ರಿಕ್ಷಾಗಳನ್ನು ಚಾರ್ಜಿಗೆ ನಿಲ್ಲಿಸುವ ತಗಡಿನ ಶೆಡ್ಡು ಅದು. ಕೋಚಿಂಗ್ ಸೆಂಟರುಗಳ ಹಿಂದಿನ ಗಲ್ಲಿಯಲ್ಲಿತ್ತು. “ನೀರು ಹೇಗೆ ಹಾಕ್ತಿದ್ದೆ, ಮಾಡಿ ತೋರಿಸು” ಎಂದರು ಮೇಡಂ. ಮುಖ ಊದಿಸಿಕೊಂಡೇ ಇದ್ದ ರಯೀಸ್ ನಮ್ಮ ಕ್ಯಾನಿನ ಮುಚ್ಚಳ ಒಡೆದ. ನೀರನ್ನು ಶೆಡ್ಡಿನ ಜಗ್ಗಿಗೆ ಸುರಿದುಕೊಂಡ. ಗೋಡೆಯ ಮೊಳೆಗೆ ನೇತುಹಾಕಿದ್ದ ಲಾಳಿಕೆ ತೆಗೆದ. ಅಲ್ಲಿಯ ಐವತ್ತು ಗಾಡಿಗಳಿಗೂ ಆಮ್ಲ ಸುರಿಯುವುದು ಅದೇ ಜಗ್ಗಿನಲ್ಲಿ, ಅದೇ ಲಾಳಿಕೆಯಲ್ಲಿ. ಅದರ ಮೂತಿಯಲ್ಲಿ ಇನ್ನೂ ಹಸಿ ಇತ್ತು. ಮೊದಲ ಡಬ್ಬಿಗಳು ಅದನ್ನು ತೊಳೆದುಕೊಟ್ಟಿದ್ದವು. ಕೊನೆಯವಕ್ಕೆ ಬರೀ ನೀರು ಹೋಗಿತ್ತು. ಅವನು ಹೇಳಿದ್ದು ಅಕ್ಷರಶಃ ನಿಜ.

ಮೇಡಂ ಅಲ್ಲೇ ಎಲ್ಲ ಡ್ರೈವರುಗಳ ಎದುರಿಗೆ ಅವನಿಗೆ ಹೇಳಿದರು: “ರಯೀಸ್ ಭಾಯಿ, ನಿನ್ನೆ ಬೈದದ್ದು ತಪ್ಪಾಯ್ತು. ಮಾಫ್ ಕರೋ.” ಯಾರೋ ಒಬ್ಬ ನಕ್ಕ. ರಯೀಸ್ ನಗಲಿಲ್ಲ.

ವಾಪಸ್ಸು ಬರಲು ಮೆಟ್ರೋ ಹತ್ತಿದೆವು. ಪರೀಕ್ಷೆಗೆ ಮುಂಚೆ ಮೇಡಂ ಕಳಿಸಿದ್ದ ಬೇಡಿಕೆಯ ಪಟ್ಟಿಯಲ್ಲಿ ಕೊನೆಯ ಎರಡು ಸಾಲು ನನಗೆ ನೆನಪಿದ್ದವು: ನೀಲಿ ಲಾಳಿಕೆ ಒಂದು, ನೀಲಿ ಜಗ್ಗು ಒಂದು, ಬಳಕೆದಾರನಿಗೆ. ಇಂಥ ಚಿಲ್ಲರೆ ಸಾಮಾನು ಎಲ್ಲ ಕಡೆಯೂ ಸಿಗುತ್ತದೆ, ಅವನ ಹತ್ತಿರವೇ ಇರುತ್ತದೆ ಎಂದು ಆ ಎರಡು ಸಾಲಿನ ಮೇಲೆ ಗೀಟು ಎಳೆದವನು ನಾನು. ಹಸಿರು ಇಂಕಿನಲ್ಲಿ.

ಈಗ ಮೀಟಿಂಗ್ ಕೋಣೆಗೆ ಬನ್ನಿ. ಮಾತೆಲ್ಲ ಹಿಂದಿಯಲ್ಲಿ ನಡೆಯಿತು, ನಾನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

ದಪ್ಪ ಕನ್ನಡಕದವರು ಕೇಳಿದರು: “ಸೂಚನೆಯ ಕಾರ್ಡು ಕೊಟ್ಟಿದ್ದಿರಿ ತಾನೆ?”

“ಕೊಟ್ಟಿದ್ವಿ,” ಎಂದರು ಮೇಡಂ. “ಇಂಗ್ಲಿಷಿನಲ್ಲಿ. ಶುದ್ಧ ನೀರು ಮಾತ್ರ ಹಾಕಿ ಅಂತ ಇತ್ತು. ಅವನು ಶುದ್ಧ ನೀರೇ ಹಾಕಿದ. ಲಾಳಿಕೆ ಬೇರೆ ಇರಬೇಕು ಅಂತ ಎಲ್ಲಿ ಬರೆದಿತ್ತು? ತೋರಿಸಿ.”

“ಅದು ಸಾಮಾನ್ಯ ಜ್ಞಾನ,” ಎಂದರು ಬಿಸ್ಕತ್ತಿನವರು.

“ಹೌದಾ ಸರ್? ನಿಮ್ಮ ಕಾರಿನ ಬ್ಯಾಟರಿಗೆ ನೀರು ಯಾವ ಲಾಳಿಕೆಯಲ್ಲಿ ಹಾಕ್ತಾರೆ?”

ಅವರು ಬಿಸ್ಕತ್ತು ಕೆಳಗಿಟ್ಟರು. “ಅದನ್ನೆಲ್ಲ ಡ್ರೈವರ್ ನೋಡ್ಕೋತಾನೆ.”

“ಅದೇ ನಾನು ಹೇಳ್ತಿರೋದು. ಡ್ರೈವರ್ ನೋಡ್ಕೋತಾನೆ ಅಂತ ನಾವೂ ಅಂದುಕೊಂಡ್ವಿ.”

ರಯೀಸ್ ಎದ್ದು ನಿಂತ. “ಸಾಹಬ್, ಮಕ್ಕಳಾಣೆ, ನಾನು ತೇಜಾಬ್ ಹಾಕಿಲ್ಲ.”

“ಕೂತ್ಕೋ ರಯೀಸ್ ಭಾಯಿ. ಆಣೆ ಇಡಬೇಡ. ಇಲ್ಲಿ ಆಣೆ ಇಡಬೇಕಾದ್ದು ನಾವು.”

ಡೈರೆಕ್ಟರ್ ಸಾಹೇಬರು ಕೆಟ್ಟವರಲ್ಲ. ಅವರು ನಿಜವಾಗಿಯೂ ಮೇಡಂಗೆ ಒಳ್ಳೆಯದು ಮಾಡಲು ಹೊರಟಿದ್ದರು. ದನಿ ತಗ್ಗಿಸಿ ಹೇಳಿದರು: “ನೋಡಿ, ಇದು ಒಂದು ಸಾಲು ಅಷ್ಟೇ. ಇಂಥ ಸಾಲು ನೂರು ವರದಿಯಲ್ಲಿ ಇರುತ್ತೆ, ಯಾರೂ ಓದೋದಿಲ್ಲ. ಎರಡು ವರ್ಷ ಸಿಗುತ್ತೆ ನಿಮಗೆ. ನಿಮ್ಮ ತಟ್ಟೆಯ ಕೆಲಸ ಮುಗಿಸಬಹುದು. ಒಂದು ಸಹಿ.”

ಮೇಡಂ ಹಾಳೆಯನ್ನು ಹತ್ತಿರ ಎಳೆದುಕೊಂಡರು. ಒಂದು ಕ್ಷಣ ಅವರು ಸಹಿ ಹಾಕುತ್ತಾರೆ ಎಂದೇ ನನಗೆ ಅನಿಸಿತು. ಹಾಕಲಿ ಎಂದು ನನ್ನೊಳಗೆ ಒಬ್ಬ ಬೇಡಿಕೊಳ್ಳುತ್ತಿದ್ದ, ಸುಳ್ಳು ಯಾಕೆ ಹೇಳಲಿ. ಅವರು ಒಂಬತ್ತನೆಯ ಸಾಲನ್ನು ಹೊಡೆದುಹಾಕಿ, ಅದರ ಮೇಲೆ ಸಣ್ಣ ಅಕ್ಷರದಲ್ಲಿ ಬರೆದರು. ಬರೆದದ್ದನ್ನು ರಯೀಸನಿಗೆ ತಿಳಿಯಲೆಂದು ಹಿಂದಿಯಲ್ಲಿ ಓದಿದರು: “ಬಳಕೆದಾರನಿಗೆ ಬೇರೆ ಲಾಳಿಕೆ, ಜಗ್ಗು ಕೊಡದೆ ಇದ್ದದ್ದು ನನ್ನ ತಪ್ಪು. ಅದರಿಂದ ಆಮ್ಲ ಸೇರಿ ಡಬ್ಬಿಗಳು ಕೆಟ್ಟವು. ಆಮ್ಲ ತಾಗದ ಹನ್ನೊಂದು ಡಬ್ಬಿಗಳಲ್ಲಿ ಕಬ್ಬಿಣದ ತಟ್ಟೆ ಕೆಟ್ಟಿಲ್ಲ.”

“ಇದರ ಅರ್ಥ ಏನು ಗೊತ್ತಾ ನಿಮಗೆ?” ಎಂದರು ಡೈರೆಕ್ಟರ್.

“ಗೊತ್ತು ಸರ್. ಮೂವತ್ತನೇ ತಾರೀಕು ಕೋಣೆಯ ಬೀಗದ ಕೈ ಸ್ಟೋರಿಗೆ ಕೊಡ್ತೀನಿ. ಸೋತವಳು ಅಂತ ನನ್ನ ಬಗ್ಗೆ ಏನು ಬೇಕಾದ್ರೂ ಬರ್ಕೊಳ್ಳಿ. ಆದ್ರೆ ಅವನ ಹೆಸರು ಹಾಕಿ ನನ್ನ ತಟ್ಟೆ ಉಳಿಸ್ಬೇಡಿ. ಅಂಥ ತಟ್ಟೆ ನನಗೆ ಬೇಡ.”

ಸಹಿ ಹಾಕಿ ಹಾಳೆ ತಳ್ಳಿದರು. ಅಷ್ಟು ಹೊತ್ತೂ ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ರಿಜಿಸ್ಟರಿನಲ್ಲಿ ಆ ಪಟ್ಟಿ ಇತ್ತು, ನನ್ನ ಹಸಿರು ಗೀಟು ಇತ್ತು. ನಾನು ಬಾಯಿ ತೆರೆಯಲಿಲ್ಲ.

ಮೆಟ್ಟಿಲಿಳಿಯುವಾಗ ಹಿಂದೆ ಓಡಿದೆ. “ಮೇಡಂ, ಆ ಪಟ್ಟಿ…”

“ಗೊತ್ತು. ಗೀಟು ಹಾಕಿದ ಮೇಲೆ ಅದು ನನ್ನ ಮೇಜಿಗೂ ವಾಪಸ್ ಬಂದಿತ್ತು. ನೋಡ್ದೆ. ಹೋಗ್ಲಿ ಬಿಡು ಅಂದ್ಕೊಂಡೆ. ಇಪ್ಪತ್ತು ವರ್ಷ ಲಾಳಿಕೆ ಲಾಳಿಕೆ ಅಂತ ಬಾಯಿ ಬಡ್ಕೊಂಡವಳೂ ನಾನೇ, ಹೋಗ್ಲಿ ಅಂದವಳೂ ನಾನೇ. ನಿಮ್ಮದನ್ನ ನಾನು ಹೊತ್ಕೊಂಡಿಲ್ಲ, ನನ್ನದನ್ನ ಹೊತ್ಕೊಂಡಿದೀನಿ.”

“ನಾನೂ ಬರೆದು ಕೊಡ್ತೀನಿ, ಮೇಡಂ. ಈಗಲೇ.”

ಅವರು ನಿಂತರು. “ಬರೆಯೋದಾದ್ರೆ ಒಳಗೆ ಬರೀಬೇಕಿತ್ತು, ರೀ. ಈಗ ಚಹಾ ಕುಡಿಯೋಣ ನಡೀರಿ.”

ಬೈದಿದ್ದರೆ ಹಗುರಾಗುತ್ತಿತ್ತು. ಚಹಾ ಕುಡಿಸಿದರು.

ರಯೀಸನಿಗೆ ವಾರದೊಳಗೆ ಹೊಸ ಸೀಸದ ಬ್ಯಾಟರಿ ಸಿಕ್ಕಿತು, ಗಾಡಿ ಓಡಿತು. ಮೇಡಂಗೆ ಮುಂದುವರಿಕೆ ಸಿಗಲಿಲ್ಲ, ಕೋಣೆ ಲಿಥಿಯಮ್ಮಿನವರ ಪಾಲಾಯಿತು. ಬೀಳ್ಕೊಡುಗೆಯ ದಿನ ಶಾಲು ಹೊದಿಸಲು ಬಂದರೆ, “ಉಣ್ಣೆಯದಾ? ಬೇಡ, ನನ್ನ ಕೆಲಸ ಇನ್ನೂ ಮುಗಿದಿಲ್ಲ” ಎಂದು ಅದನ್ನು ಬಾಗಿಲ ಕಾವಲುಗಾರನ ಹೆಗಲಿಗೆ ಹಾಕಿದರು. ಊರಿಗೆ ಹೋಗುತ್ತಾರೆ ಎಂದುಕೊಂಡಿದ್ದೆವು. ಅವರು ಕ್ವಾರ್ಟರು ಬಿಟ್ಟು ಹೋದದ್ದು ಲಕ್ಷ್ಮೀ ನಗರಕ್ಕೆ. ಪರೀಕ್ಷೆಗೆ ಓದುವ ಹುಡುಗಿಯರು ತುಂಬಿದ್ದ ಒಂದು ಕಟ್ಟಡದ ಮೂರನೆಯ ಮಹಡಿಗೆ. ಆ ಚಾರ್ಜಿಂಗ್ ಶೆಡ್ಡಿನ ಯಜಮಾನನನ್ನು ಕಂಡು, ಮೂಲೆಯಲ್ಲಿ ಎರಡು ಮೇಜು ಹಿಡಿಸುವಷ್ಟು ಜಾಗ ಕೇಳಿ ಪಡೆದರು.

ನಾನೂ ನಿವೃತ್ತನಾದ ಮೇಲೆ ಭಾನುವಾರ ಭಾನುವಾರ ಅಲ್ಲಿಗೆ ಹೋಗತೊಡಗಿದೆ. ‘ಯಾಕೆ ಬಂದಿರಿ’ ಎಂದು ಅವರು ಕೇಳಲಿಲ್ಲ. ಪುಡಿ ಅಳೆಯಲು ಕೊಟ್ಟರು. ಆಮೇಲೆ ನಾದಲು ಕೊಟ್ಟರು. “ಸ್ಟೋರ್ ಸಾಹೇಬ್ರೇ, ಇಷ್ಟು ಮೆತ್ತಗೆ ನಾದಿದ್ರೆ ಇದು ಹೋಳಿಗೆಗೆ ಆಗುತ್ತೆ, ಬ್ಯಾಟರಿಗಾಗಲ್ಲ” ಎಂದು ಬೈಸಿಕೊಂಡೆ. ಡ್ರೈವರುಗಳು ಗಾಡಿ ಚಾರ್ಜಿಗೆ ಹಾಕಿ ಸುತ್ತ ನಿಂತು ನೋಡುತ್ತಿದ್ದರು. ಎರಡೂವರೆ ವರ್ಷ ಹಿಡಿಯಿತು. ನಲವತ್ತು ಡಬ್ಬಿ ತಯಾರಾದವು. ಈ ಸಲ ತಟ್ಟೆ ತೆಳು, ಭಾರ ಕಡಿಮೆ. ಕಿವಿ ಇಟ್ಟು ಕೇಳಿದರೆ ಗುಳ್ಳೆಯ ಸದ್ದು ಇದೆಯೋ ಇಲ್ಲವೋ ಎನ್ನುವಷ್ಟು.

ಮೊದಲು ರಯೀಸನನ್ನೇ ಕೇಳಿದರು. ಅವನು ಕೈಮುಗಿದ. “ಮೇಡಂಜೀ, ನೀವು ನನಗೆ ತಾಯಿಯಿದ್ದ ಹಾಗೆ. ಪರ್ ಗಾಡಿ ಮೇ ನಹೀಂ, ನನ್ನ ಗಾಡಿಗೆ ಮಾತ್ರ ಬೇಡ.”

ಶೆಡ್ಡಿಗೆ ಶೆಡ್ಡೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಡಂ. ಆಮೇಲೆ ನನ್ನ ಹತ್ತಿರ ಹೇಳಿದರು: “ಸರಿಯಾಗೇ ಹೇಳ್ದ. ಹನ್ನೆರಡು ದಿನ ಗಾಡಿ ನಿಂತಿದ್ದು ಅವನದು, ನಮ್ಮದಲ್ಲ. ಇವು ಇಲ್ಲೇ ಓಡಲಿ.” ಆ ಸೆಟ್ಟಿಗೆ ಒಂದು ಹಳೆಯ ರಿಕ್ಷಾ ಮೋಟಾರು ಕಟ್ಟಿ, ಮೂಲೆಯಲ್ಲೇ ದಿನಾ ಓಡಿಸಿ, ದಿನಾ ಬರೆದಿಡುತ್ತಿದ್ದರು.

ಹೋದ ಜನವರಿಯಲ್ಲಿ ಅವರಿಗೆ ಎದೆಯ ಸೋಂಕು ಆಯಿತು. ನಾಲ್ಕೇ ದಿನ. ಊರಿನಿಂದ ಅಣ್ಣನ ಮಗ ಬಂದು ಕಾರ್ಯ ಮುಗಿಸಿ ಹೋದ. ಸಂಸ್ಥೆಯಲ್ಲಿ ಸಂತಾಪ ಸಭೆ ಇತ್ತು. ‘ಪಾಪ, ಒಳ್ಳೆಯವರು, ಆದರೆ ಏನೂ ಕೈಗೂಡಲಿಲ್ಲ’ ಎಂದು ಒಬ್ಬರು ಮಾತಾಡಿದರು. ಆಗ ನಾನು ಎದ್ದು ನಿಂತೆ. ಲಾಳಿಕೆಯ ಸಾಲಿನ ಮೇಲೆ ಗೀಟು ಎಳೆದದ್ದು ನಾನು ಎಂದು ಹೇಳಿದೆ. ಮೂರು ವರ್ಷ ತಡವಾಗಿತ್ತು, ಅವರು ಕೇಳುವಂತಿರಲಿಲ್ಲ. ಸಭೆಯಲ್ಲಿದ್ದವರು ಕೇಳಿದರು. ಕೈಗೂಡಲಿಲ್ಲ ಎಂದವರನ್ನು ಲಕ್ಷ್ಮೀ ನಗರಕ್ಕೆ ಬಂದು ನೋಡಿ ಎಂದು ಕರೆದೆ. ಅವರು ಬರಲಿಲ್ಲ. ಬರದಿದ್ದರೆ ಬಿಡಲಿ.

ಅದಾಗಿ ಎರಡು ವಾರಕ್ಕೆ ನಾನು ಶೆಡ್ಡಿನಲ್ಲಿ ಇದ್ದಾಗ ರಯೀಸ್ ಗಾಡಿಯನ್ನು ತಳ್ಳಿಕೊಂಡು ಬಂದ. ಅವನ ಸೀಸದ ಬ್ಯಾಟರಿಗಳು ಮತ್ತೆ ಮುಗಿದಿದ್ದವು. ಸೀಟು ಎತ್ತಿ ಅವನ್ನು ಒಂದೊಂದಾಗಿ ಕೆಳಗಿಳಿಸಿ, ಮೂಲೆಯ ಕಡೆ ಗದ್ದ ತೋರಿಸಿ ಅಂದ: “ಮೇಡಂ ವಾಲಾ ಲಗಾ ದೋ, ಬಾಬೂಜೀ. ಮೇಡಂ ಮಾಡಿದ್ದನ್ನೇ ಹಾಕಿ ನೋಡಿಯೇ ಬಿಡೋಣ.”

ಕೆಟ್ಟರೆ ಮತ್ತೆ ಗಾಡಿ ನಿಲ್ಲುತ್ತದೆ ಎಂದೆ. ಅವನು ಮೊದಲ ಡಬ್ಬಿಯನ್ನು ಎತ್ತಿಕೊಂಡ. ನಲವತ್ತನ್ನೂ ಕೂರಿಸಿ ಮುಗಿಯುವಾಗ ಮಧ್ಯಾಹ್ನವಾಗಿತ್ತು.

ಹತ್ತೊಂಬತ್ತನೆಯ ದಿನ ಒಂದು ಡಬ್ಬಿ ಸೋತಿತು. ತೆರೆದು ನೋಡಿದೆ. ಹಿಂದಿನ ಸಲ ನೀರು ಹಾಕುವಾಗ ಅದೊಂದನ್ನು ನಾನು ಬಿಟ್ಟುಬಿಟ್ಟಿದ್ದೆ. ತಟ್ಟೆಯ ಮೇಲ್ತುದಿ ಒಣಗಿತ್ತು. ಮೇಡಂ ಬರೆದು ನಿಲ್ಲಿಸಿದ ಪುಟದ ಕೆಳಗೆ ತಾರೀಖು ಹಾಕಿ, ಆದದ್ದನ್ನು ಆದಂತೆ ಬರೆದು, ನನ್ನ ಪೂರ್ತಿ ಹೆಸರು ಹಾಕಿದೆ. ಆ ಒಂದನ್ನು ಬಿಟ್ಟು ಉಳಿದ ಮೂವತ್ತೊಂಬತ್ತಕ್ಕೆ ತಂತಿ ಬಿಗಿದುಕೊಟ್ಟೆ. ರಯೀಸ್ ಸೀಟು ಇಳಿಸಿ ಕೂತು, ಸವಾರಿಗಳನ್ನು ಕೂಗಿ ಕರೆಯುತ್ತಾ ಮೆಟ್ರೋ ಸ್ಟೇಷನ್ನಿನ ಕಡೆಗೆ ಹೋದ.